ಎಣ್ಮಕಜೆಯ ಮಗು, ಯಲ್ಲಾಪುರದ ತಾಯಿ

ಎಂಡೋಸಲ್ಫಾನ್ ದುರಂತ ಕುರಿತ ಬರಹಗಳಲ್ಲಿ ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ಗೆ (2009) ವಿಶೇಷ ಸ್ಥಾನವಿದೆ. ಕನ್ನಡ, ತುಳು, ಮಲಯಾಳಂ ಬೆರೆತು ಬದುಕುವ ಕಾಸರಗೋಡಿನ ಒಂದು ಪಂಚಾಯತಿನ ಹೆಸರನ್ನೇ ಕಾದಂಬರಿ ಹೊತ್ತಿದೆ. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ವಿಷ ಬಡವರ ಮನೆಗಳನ್ನು ಏನು ಮಾಡಿತೆಂಬುದನ್ನು ಅದು ನಾಡಿಗೆ ತಿಳಿಸಿತು. ಪತ್ರಕರ್ತ ಶ್ರೀಪಡ್ರೆ, ವೈದ್ಯ ಮೋಹನ್ ಕುಮಾರ್, ನ್ಯಾಯಾಲಯದ ಮೆಟ್ಟಿಲೇರಿದ ಲೀಲಾಕುಮಾರಿ ಅಮ್ಮ ಇವರೆಲ್ಲರ ಹೋರಾಟದ ಜೊತೆ ಇಂತಹ ಕೃತಿಗಳೂ ಸೇರಿ ಹುಟ್ಟಿದ ಜನಾಭಿಪ್ರಾಯದ ಹಿನ್ನೆಲೆಯಲ್ಲೇ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿತು. ಕೃತಿಯ ಈ ಹಿರಿಮೆಯನ್ನು ಒಪ್ಪಿಕೊಂಡೇ ಒಂದು ಪ್ರಶ್ನೆ ಕೇಳಬೇಕಿದೆ. ಕಾದಂಬರಿ ಮುಗಿದ ಮೇಲೆ ಆ ಮಕ್ಕಳನ್ನು ಎತ್ತಿಕೊಂಡವರು ಯಾರು?

ಕಾಡಿನಲ್ಲಿ ಬದುಕುವ ದೇವಯಾನಿ ಕಾಯಿಲೆಯ ಮಗು ಪರೀಕ್ಷಿತನನ್ನು ಮನೆಗೆ ತರುತ್ತಾಳೆ. ಆ ಮಗುವಿನಿಂದಾಗಿ ನೀಲಕಂಠ ಲೋಕದ ಕಡೆ ತಿರುಗುತ್ತಾನೆ. ಅಲ್ಲಿಂದ ಮುಂದೆ ಕಾದಂಬರಿ ಹೋರಾಟದ ಕಥೆಯಾಗುತ್ತದೆ. ಡಾ. ಬಿಜು ನಿರ್ದೇಶನದ ‘ವಲಿಯ ಚಿರಕುಳ್ಳ ಪಕ್ಷಿಗಳ್’ (2015) ಸಿನಿಮಾದಲ್ಲಿ ಛಾಯಾಗ್ರಾಹಕನೊಬ್ಬ ಇಂತಹ ಮನೆಗಳಿಗೆ ಹೋಗುತ್ತಾನೆ. ಎರಡರಲ್ಲೂ ಮಗು ಸಾಕ್ಷಿಯಾಗಿದೆ, ವಿಷದ ಪುರಾವೆಯಾಗಿದೆ. ಹೋರಾಟಕ್ಕೆ ಪುರಾವೆ ಬೇಕು ನಿಜ. ಆದರೆ ಕ್ಯಾಮೆರಾ ಮನೆಯಿಂದ ಹೊರಟ ಮೇಲೆ ತಾಯಿ ಅಲ್ಲೇ ಉಳಿಯುತ್ತಾಳೆ. ಮಗುವಿಗೆ ಚಮಚದಲ್ಲಿ ಗಂಜಿ ಕುಡಿಸಬೇಕು, ಬೆನ್ನು ಹುಣ್ಣಾಗದಂತೆ ರಾತ್ರಿ ಮಗ್ಗುಲು ಬದಲಿಸಬೇಕು, ಫಿಟ್ಸ್ ಬಂದರೆ ಹಿಡಿದು ಕೂರಬೇಕು. ಇದರಲ್ಲಿ ಘಟನೆಯೇ ಇಲ್ಲ, ಆದ್ದರಿಂದ ಕಥೆಯೂ ಇಲ್ಲ.

ಈ ಮಾತು ಕಾಸರಗೋಡಿಗೆ ಮಾತ್ರ ಸೇರಿದ್ದಲ್ಲ. ಉತ್ತರ ಕನ್ನಡದ ಗೇರು ತೋಪುಗಳ ಮೇಲೂ ಇದೇ ವಿಷ ಸುರಿದಿತ್ತು. ಆದರೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹೆರಿಗೆಯ ತೊಡಕಿನಿಂದ ಮೆದುಳಿಗೆ ಪೆಟ್ಟಾದ ಮಗುವಿನ ತಾಯಿಯೂ ಇದ್ದಾಳೆ. ಆಕೆಗೆ ತೋರಿಸಲು ಖಳನಾಯಕನಿಲ್ಲ. ಆಕೆಯ ಪರವಾಗಿ ಘೋಷಣೆ ಕೂಗುವವರಿಲ್ಲ, ಕಾದಂಬರಿಯೂ ಇಲ್ಲ. ಪರಿಹಾರ ಕೊಡುವವರು ಕಾರಣ ಕೇಳುತ್ತಾರೆ. ಕಾರಣ ಯಾವುದಾದರೂ ತಾಯಿಯ ರಾತ್ರಿ ಒಂದೇ. ಇಲ್ಲಿ ಮನೆಗಳು ತೋಟದ ಅಂಚಿನಲ್ಲಿ, ಕಾಡಿನ ನಡುವೆ ಒಂಟೊಂಟಿ. ದೊಡ್ಡ ಆಸ್ಪತ್ರೆ ಬೇಕಾದರೆ ಘಟ್ಟ ಇಳಿಯಬೇಕು, ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ಶಿರಸಿಯಲ್ಲಿ ಅಜಿತ ಮನೋಚೇತನಾ ಸಂಸ್ಥೆಯ ವಿಶೇಷ ಮಕ್ಕಳ ಶಾಲೆಯಿದೆ, ಸಿದ್ದಾಪುರದಲ್ಲಿ ಅಂಧ ಮಕ್ಕಳ ಶಾಲೆಯಿದೆ. ಇವು ದೊಡ್ಡ ಕೆಲಸ ಮಾಡುತ್ತಿವೆ. ಆದರೆ ಶಾಲೆಯ ಕೆಲಸ ಕಲಿಸುವುದು. ಹಾಸಿಗೆಯಿಂದ ಏಳಲಾಗದ ಮಗುವನ್ನು ನಾಲ್ಕು ದಿನ ನೋಡಿಕೊಂಡು ತಾಯಿಗೆ ಬಿಡುವು ಕೊಡುವುದು ಬೇರೆಯೇ ಕೆಲಸ.

ಈ ಬಿಡುವು ಐಷಾರಾಮವಲ್ಲ. ತವರಿನಲ್ಲಿ ಸಾವಾದರೆ ಹೋಗಬೇಕು, ತನಗೇ ಜ್ವರ ಬಂದರೆ ಮಲಗಬೇಕು, ಆಪರೇಷನ್ ಆದರೆ ವಾರವಾದರೂ ಸುಧಾರಿಸಿಕೊಳ್ಳಬೇಕು. ಕಾನೂನಿಗೆ ಇದು ತಿಳಿಯದ ವಿಷಯವೇನಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ‘ಸಮರ್ಥ್’ ಎಂಬ ಯೋಜನೆ ಇಂತಹ ತಾತ್ಕಾಲಿಕ ಪಾಲನೆಗೆಂದೇ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆ ಮಾಡುವ ತಂದೆತಾಯಿಯನ್ನೂ ‘ಆರೈಕೆದಾರ’ರೆಂದು ಗುರುತಿಸಿತು. ಕೇರಳ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು. ಕರ್ನಾಟಕ 2024-25ರ ಬಜೆಟ್ಟಿನಲ್ಲಿ ಮೆದುಳಿನ ಪಾರ್ಶ್ವವಾಯುವಿನಂತಹ ಕೆಲವು ಸ್ಥಿತಿಗಳವರನ್ನು ನೋಡಿಕೊಳ್ಳುವವರಿಗೆ 1000 ರೂಪಾಯಿ ಘೋಷಿಸಿತು. ಒಳ್ಳೆಯದೇ. ಆದರೆ ಸಾವಿರ ರೂಪಾಯಿ ರಾತ್ರಿ ಎದ್ದು ಮಗುವಿನ ಮಗ್ಗುಲು ಬದಲಿಸುವುದಿಲ್ಲ. ಅದಕ್ಕೆ ತರಬೇತಾದ ಇನ್ನೊಂದು ಜೊತೆ ಕೈ ಬೇಕು. ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಎಂಡೋಸಲ್ಫಾನ್ ಪೀಡಿತರಿಗೆ ಹಗಲು ಪಾಲನಾ ಕೇಂದ್ರಗಳು ಬಂದದ್ದು ಜನ ಬೀದಿಗಿಳಿದು ಕೇಳಿದ ಮೇಲೆ.

ಸರ್ಕಾರವನ್ನು ಟೀಕಿಸುವಾಗ ನಮ್ಮ ಸಮುದಾಯವೂ ತನ್ನನ್ನು ನೋಡಿಕೊಳ್ಳಬೇಕು. ಇಂತಹ ತಾಯಿಯ ಎದುರು ನಮ್ಮವರು ಆಡುವ ಮೊದಲ ಮಾತು ‘ಸಬರ್’. ಅಲ್ಲಾಹನ ಪರೀಕ್ಷೆ, ತಾಯಿಯ ಪಾದದಡಿ ಸ್ವರ್ಗ ಎನ್ನುತ್ತೇವೆ. ತಾಳ್ಮೆ ದೊಡ್ಡ ಗುಣ, ಅನುಮಾನವಿಲ್ಲ. ಆದರೆ ಒಬ್ಬಳ ತಾಳ್ಮೆಯನ್ನು ಹೊಗಳುವುದು ಉಳಿದವರಿಗೆ ತಪ್ಪಿಸಿಕೊಳ್ಳುವ ದಾರಿಯಾಗಬಾರದು. ಎಂಟನೆಯ ಶತಮಾನದ ಆರಂಭದಲ್ಲಿ ದಮಾಸ್ಕಸ್ಸಿನಿಂದ ಆಳಿದ ಖಲೀಫ ವಲೀದ್ ನಡೆಯಲಾಗದವರಿಗೆ ಒಬ್ಬ ಸೇವಕನನ್ನೂ ಅಂಧರಿಗೆ ಒಬ್ಬ ಕೈಹಿಡಿದು ನಡೆಸುವವನನ್ನೂ ನೇಮಿಸಿದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಆತ ಅವರಿಗೆ ಉಪದೇಶವನ್ನಷ್ಟೇ ಕೊಡಲಿಲ್ಲ, ಆಳು ಕೊಟ್ಟ. ಊರೂರಿಗೆ ಶಾದಿ ಮಹಲ್ ಕಟ್ಟಲು ಹಣ ಕೂಡಿಸುವ ನಮಗೆ ಅದರ ಪಕ್ಕ ಎರಡು ಕೋಣೆ, ಇಬ್ಬರು ತರಬೇತಾದ ದಾದಿಯರು ಅಸಾಧ್ಯವೇ? ಆ ಕೋಣೆಯ ಬಾಗಿಲು ಹವ್ಯಕರ, ಸಿದ್ದಿಗಳ, ನಾಯ್ಕರ, ಎಲ್ಲರ ಮಕ್ಕಳಿಗೂ ತೆರೆದಿರಬೇಕು. ಇಂತಹ ಮಗುವಿನ ಮನೆಯ ಕಷ್ಟಕ್ಕೆ ಜಾತಿಯಿಲ್ಲ.

ಮಲೆನಾಡಿಗೆ ಇದು ಹೊಸ ಪಾಠವೂ ಅಲ್ಲ. ಅಡಿಕೆ ಕೊಯ್ಲಿಗೆ, ಗದ್ದೆ ನಾಟಿಗೆ ಮುಯ್ಯಾಳು ಹೋಗುವ ಪದ್ಧತಿ ಇಲ್ಲಿ ತಲೆತಲಾಂತರದಿಂದ ಇದೆ. ಇಂದು ನಿನಗೆ ನಾನು, ನಾಳೆ ನನಗೆ ನೀನು. ಫಸಲಿಗೆ ಒದಗುವ ಕೈ ಮಗುವಿಗೆ ಒದಗದಿರುವುದಕ್ಕೆ ಕಾರಣ ಬಡತನವಲ್ಲ. ಮಗುವಿನ ಆರೈಕೆಯನ್ನು ನಾವು ಕೆಲಸವೆಂದೇ ಎಣಿಸಿಲ್ಲ, ಅದನ್ನು ತಾಯಿಯ ಹಣೆಬರಹ ಎಂದುಕೊಂಡಿದ್ದೇವೆ. ನಮ್ಮ ಕಥೆಗಾರರೂ ಹಾಗೆಯೇ ಎಂದುಕೊಂಡಿರುವುದರಿಂದ ಮಗು ಕಾದಂಬರಿಗೆ ಬಂತು, ತಾಯಿಯ ದಣಿವು ಬರಲಿಲ್ಲ. ಮುಂದೆ ಬರೆಯುವವರು ಆ ದಣಿವನ್ನು ಬರೆಯಲಿ. ಬರೆಯದ ನಾವು ನಾಲ್ಕು ದಿನ ಆ ಮಗುವಿನ ಬಳಿ ಕೂರುವವರನ್ನು ಹುಡುಕೋಣ.