ಹವಾಲ್ದಾರ ಗೆದ್ದ, ಮೇಜರ್ ಸೋತ

ಮಲಯಾಳಂ ನಿರ್ದೇಶಕ ಮೇಜರ್ ರವಿ ಹೆಸರಿಗಷ್ಟೇ ಮೇಜರ್ ಅಲ್ಲ. ರಾಜೀವ್ ಗಾಂಧಿ ಹತ್ಯೆಯ ಸಂಚುಕೋರ ಶಿವರಾಸನ್ ಅಡಗಿದ್ದ ಬೆಂಗಳೂರಿನ ಕೋಣನಕುಂಟೆಯ ಮನೆಯನ್ನು 1991ರ ಆಗಸ್ಟ್‌ನಲ್ಲಿ ಸುತ್ತುವರಿದ ಎನ್‌ಎಸ್‌ಜಿ ಕಾರ್ಯಾಚರಣೆಯಲ್ಲಿ ಅವರೂ ಇದ್ದರು. ಅವರ 'ಕೀರ್ತಿಚಕ್ರ' (2006) ನೋಡುವಾಗ ಆ ಅನುಭವ ಕಣ್ಣಿಗೆ ಬೀಳುತ್ತದೆ. ಕಾಶ್ಮೀರದಲ್ಲಿ ಉಗ್ರರ ಬೆನ್ನುಹತ್ತಿದ ಕಮಾಂಡೊಗಳಿಗೆ ಬಂದೂಕು ನಾಟಕದ ಸಾಮಾನಲ್ಲ. ಮಾತಿಗಿಂತ ಕೈಸನ್ನೆ ಹೆಚ್ಚು. ಬಿಡುವಿನಲ್ಲಿ ಒಬ್ಬರನ್ನೊಬ್ಬರು ಕಾಲೆಳೆಯುವುದು, ರಜೆಯ ಕನವರಿಕೆ, ಮೇಜರ್ ಮಹಾದೇವನ್ (ಮೋಹನ್‌ಲಾಲ್) ಮತ್ತು ತಮಿಳು ಹುಡುಗ ಜೈ (ಜೀವಾ) ನಡುವಿನ ಅಣ್ಣತಮ್ಮಂದಿರ ಸಲಿಗೆ, ಎಲ್ಲವೂ ಬ್ಯಾರಕ್ಕಿನಿಂದಲೇ ಎದ್ದುಬಂದಂತಿವೆ.

ಆದರೆ ಮಹಾದೇವನ್ ಬರೀ ಸೈನಿಕನಾಗಿದ್ದರೆ ಸಾಲದು ಎಂದು ಚಿತ್ರಕ್ಕೆ ಅನ್ನಿಸಿಬಿಟ್ಟಿದೆ. ಹಾಗಾಗಿ ಅವನ ಹೆಂಡತಿ, ಮಗಳು ಉಗ್ರರಿಗೆ ಬಲಿಯಾದ ಹಿಂದಣ ಕಥೆಯೊಂದು ಬರುತ್ತದೆ. ನಮ್ಮ ಬೆಂಗಳೂರಿನ ಲಕ್ಷ್ಮಿ ಗೋಪಾಲಸ್ವಾಮಿಯಂಥ ನಟಿಗೆ ಇಲ್ಲಿ ನಾಯಕನ ಗಾಯವಾಗುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಕರ್ತವ್ಯಕ್ಕೆ ಸೇಡಿನ ಬೆಂಬಲ ಯಾಕೆ ಬೇಕಿತ್ತು? ವೈಯಕ್ತಿಕ ಹಗೆಯಿಲ್ಲದೆ, ಆಜ್ಞೆಯಾಯಿತೆಂದು ಗುಂಡಿಗೆ ಎದೆಯೊಡ್ಡುವವನೇ ಹೆಚ್ಚು ಕುತೂಹಲ ಹುಟ್ಟಿಸುವ ಮನುಷ್ಯ.

ಇನ್ನೂ ದೊಡ್ಡ ಕೊರತೆ ಕಾಶ್ಮೀರದ ಜನರದ್ದು. ಕೀರ್ತಿಚಕ್ರ ರಣರಂಗದ ಪದಕವಲ್ಲ. ಶತ್ರುಸೈನ್ಯದ ಮುಖಾಮುಖಿಯಲ್ಲದ ಶೌರ್ಯಕ್ಕೆ ಕೊಡುವ ಶಾಂತಿಕಾಲದ ಗೌರವ. ಘೋಷಣೆಯಾಗದ ಈ ಕಾಳಗ ನಡೆಯುವುದು ಜನ ಉಂಡು ಮಲಗುವ ಮನೆಗಳ ನಡುವೆ. ಆ ಮನೆಯವರು ಈ ಚಿತ್ರದಲ್ಲಿ ಒಂದೋ ಉಗ್ರರಿಗೆ ನೆರಳಾದವರು, ಇಲ್ಲವೇ ಅವರಿಂದ ನೊಂದವರು. ಸೈನಿಕನಿಗೂ ಉಗ್ರನಿಗೂ ಒಟ್ಟಿಗೇ ಹೆದರುವ ಮೂರನೆಯವನೊಬ್ಬನಿಗೆ ಚಿತ್ರಕಥೆಯಲ್ಲಿ ಜಾಗವಿಲ್ಲ.

ಮುಂದೆ ಮಹಾದೇವನ್‌ಗೆ ಬಡ್ತಿ ಸಿಕ್ಕಿತು, ಚಿತ್ರಗಳಿಗಲ್ಲ. ಕಾರ್ಗಿಲ್ ಕಥೆಯ 'ಕುರುಕ್ಷೇತ್ರ' (2008) ಪರವಾಗಿಲ್ಲ. 'ಕಂದಹಾರ್'ನಲ್ಲಿ (2010) ಅಮಿತಾಭ್ ಬಚ್ಚನ್ ಇದ್ದೂ ವಿಮಾನ ಅಪಹರಣದ ಬಿಗಿ ಇಲ್ಲ. ನಡುವೆ, 2009ರಲ್ಲಿ, ಮೋಹನ್‌ಲಾಲ್ ಟೆರಿಟೋರಿಯಲ್ ಆರ್ಮಿಯ ಗೌರವ ಲೆಫ್ಟಿನೆಂಟ್ ಕರ್ನಲ್ ಆದರು. ತಾರೆಗೂ ಸಮವಸ್ತ್ರಕ್ಕೂ ಅಂತರವೇ ಉಳಿಯದ ಮೇಲೆ ಪಾತ್ರವನ್ನು ಪ್ರಶ್ನಿಸುವವರು ಯಾರು?

'ಪಿಕೆಟ್ 43'ರಲ್ಲಿ (2015) ರವಿ ಅಧಿಕಾರಿಯನ್ನು ಬಿಟ್ಟು ಹವಾಲ್ದಾರನನ್ನು ಹಿಡಿದರು. ಹಿಮದ ಗಡಿಠಾಣೆಯಲ್ಲಿ ಪೃಥ್ವಿರಾಜ್‌ನ ಹರೀಂದ್ರನ್ ಒಂಟಿ; ಜೊತೆಗಿರುವುದು ಬಕಾರ್ಡಿ ಎಂಬ ನಾಯಿ. ಆಚೆಯ ಠಾಣೆಯಲ್ಲಿ ಜಾವೇದ್ ಜಾಫ್ರಿಯ ಪಾಕಿಸ್ತಾನಿ ಸೈನಿಕ. ಬೈಗುಳ, ಅನುಮಾನ, ಆಮೇಲೆ ಹರಟೆ, ಕೊನೆಗೆ ಉಗ್ರರು ನುಗ್ಗಿದಾಗ ಇಬ್ಬರೂ ಒಂದೇ ಕಡೆ. ಊರಿನ ಪ್ರೇಮಕಥೆ ಎಳೆದಾಡುತ್ತದೆ, ನಿಜ. ಆದರೂ ಎದುರಾಳಿಗೆ ಒಂದು ಮುಖ, ಒಂದು ಮಾತು ಸಿಕ್ಕ ಕೂಡಲೇ ದೇಶಭಕ್ತಿಯ ಭಾಷಣ ತಾನಾಗಿ ನಿಂತಿದೆ. ಮೇಜರ್ ರವಿಯ ಒಂದೇ ಚಿತ್ರ ನೋಡುವ ಪುರುಸೊತ್ತಿದ್ದರೆ, ಇದನ್ನು ನೋಡಿ.