ತಲುಪಿದವರ ಲೆಕ್ಕ

ಮೆಲ್ಬರ್ನ್‌ನ ನಮ್ಮ ಕನ್ನಡ ಸಂಘದ ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ನಾನು ನೋಡುತ್ತಿದ್ದೇನೆ. ಹುದ್ದೆಯ ಹೆಸರು ಗೌರವ ಲೆಕ್ಕಪರಿಶೋಧಕ. ಇಲ್ಲಿ ಗೌರವ ಎಂದರೆ ಸಂಬಳವಿಲ್ಲ ಎಂದರ್ಥ. ಈಚಿನ ವಾರ್ಷಿಕ ವರದಿಯ ಕರಡು ಕೈಗೆ ಬಂದಾಗ ಮೊದಲ ಪುಟದಲ್ಲೇ ದಪ್ಪ ಅಕ್ಷರದ ಒಂದು ಸಾಲು ಕಾಣಿಸಿತು: "ಈ ವರ್ಷ ನಾವು ಆನ್‌ಲೈನ್ ಮೂಲಕ 38,000 ಜನರನ್ನು ತಲುಪಿದ್ದೇವೆ." ಕೊನೆಯ ಪುಟದಲ್ಲಿ, ಯಾರೂ ಓದದ ನನ್ನ ಅಂಕಿಗಳ ನಡುವೆ, ಸದಸ್ಯತ್ವ ಶುಲ್ಕ ಕಟ್ಟಿದ ಕುಟುಂಬಗಳ ಸಂಖ್ಯೆ 112 ಎಂದಿತ್ತು. ಕೆಲವು ವರ್ಷಗಳ ಹಿಂದೆ ಅದು 190 ಇತ್ತು.

ಎರಡೂ ಸಂಖ್ಯೆಗಳು ಸುಳ್ಳಲ್ಲ. ಆದರೆ ಒಂದೇ ಸಂಸ್ಥೆಯ ಒಂದೇ ವರ್ಷದ ವರದಿಯಲ್ಲಿ ಮೊದಲ ಪುಟ ಉಬ್ಬುತ್ತಾ ಕೊನೆಯ ಪುಟ ಸೊರಗುತ್ತಾ ಹೋದರೆ ಪರಿಶೋಧಕನಾದವನು ಪೆನ್ನು ಕೆಳಗಿಟ್ಟು ಯೋಚಿಸಬೇಕಾಗುತ್ತದೆ. ಇದು ನಮ್ಮ ಸಂಘವೊಂದರ ಕಥೆಯಲ್ಲ. ದೇವಸ್ಥಾನದ ಟ್ರಸ್ಟು, ನಾಟಕ ತಂಡ, ಆಸ್ಪತ್ರೆ, ಸರಕಾರಿ ಇಲಾಖೆ, ಎಲ್ಲರೂ ಇಂದು ಜನರನ್ನು ಆನ್‌ಲೈನ್‌ನಲ್ಲಿ ಹುಡುಕುತ್ತಿದ್ದಾರೆ. ಎಲ್ಲರ ವರದಿಯಲ್ಲೂ 'ರೀಚ್', 'ಫಾಲೋವರ್ಸ್', 'ಎಂಗೇಜ್‌ಮೆಂಟ್' ಎಂಬ ಮೂರು ಪದಗಳಿವೆ. ಯಾವುದೇ ಅಂಕಿ ಕಂಡರೂ ನಾವು ಲೆಕ್ಕದವರು ಕೇಳುವ ಮೂರು ಪ್ರಶ್ನೆಗಳಿವೆ: ಇದನ್ನು ಅಳೆದವರು ಯಾರು? ಇದು ಯಾರ ಸ್ವತ್ತು? ಇದರಲ್ಲಿ ಬಿಟ್ಟುಹೋದದ್ದೇನು? ಆ ಮೂರು ಪದಗಳನ್ನು ಈ ಮೂರು ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡಬೇಕು ಅನಿಸಿತು.

ಮೊದಲು ಅಳೆಯುವ ಮಾತು. ಭಾರತದಲ್ಲಿ ಪತ್ರಿಕೆಗಳ ಪ್ರಸಾರ ಸಂಖ್ಯೆಯನ್ನು ದೃಢೀಕರಿಸಲೆಂದೇ 1948ರಲ್ಲಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಹುಟ್ಟಿತು. ಪ್ರಕಾಶಕರು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಗಳು ಎಲ್ಲರೂ ಅದರ ಸದಸ್ಯರು. ಪರಿಶೀಲನೆ ಮಾತ್ರ ಚಾರ್ಟರ್ಡ್ ಅಕೌಂಟೆಂಟ್‌ಗಳದ್ದು. ನನ್ನ ಆರ್ಟಿಕಲ್‌ಷಿಪ್ ದಿನಗಳಲ್ಲಿ ಹಿರಿಯರೊಬ್ಬರು ಆ ಕೆಲಸದ ಗುಟ್ಟು ಹೇಳಿಕೊಟ್ಟಿದ್ದರು: "ಎಷ್ಟು ಪ್ರಿಂಟ್ ಆಯ್ತು ಅಂತ ಕೇಳ್ಬೇಡ, ಎಷ್ಟು ವಾಪಸ್ ಬಂತು ಅಂತ ಕೇಳು." ಮುದ್ರಣ ಯಂತ್ರಕ್ಕೆ ಎಷ್ಟು ಪ್ರತಿ ಬೇಕಾದರೂ ಹೊರಹಾಕಲು ಬರುತ್ತದೆ. ಮಾರಾಟವಾಗದೆ ಮರಳಿದ ಕಟ್ಟುಗಳು, ಏಜೆಂಟರಿಂದ ನಿಜಕ್ಕೂ ಬಂದ ಹಣ, ಇವು ಸತ್ಯ ಹೇಳುತ್ತವೆ.

ಆನ್‌ಲೈನ್‌ನಲ್ಲಿ ಈ 'ವಾಪಸ್' ಎಂಬ ಕಲಮೇ ಇಲ್ಲ. ರೀಚ್ ಎಂದರೆ ಎಷ್ಟು ಖಾತೆಗಳ ಪರದೆಯ ಮೇಲೆ ನಮ್ಮ ಚಿತ್ರ ಹಾದುಹೋಯಿತು ಎಂಬುದು, ಅಷ್ಟೆ. ಬೆರಳು ನಿಂತಿತೋ ಜಾರಿತೋ ಅದಕ್ಕೆ ಸಂಬಂಧವಿಲ್ಲ. ಜೊತೆಗೆ ತೂಗುವವನೂ ಮಾರುವವನೂ ಒಬ್ಬನೇ. 2016ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ತಾನೇ ಒಂದು ತಪ್ಪು ಒಪ್ಪಿಕೊಂಡಿತು. ಜನ ಸರಾಸರಿ ಎಷ್ಟು ಹೊತ್ತು ವಿಡಿಯೋ ನೋಡುತ್ತಾರೆ ಎಂದು ಲೆಕ್ಕ ಹಾಕುವಾಗ 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಅದು ಕೈಬಿಟ್ಟಿತ್ತು. ಬೇಗ ಎದ್ದುಹೋದವರನ್ನು ಬಿಟ್ಟು ಉಳಿದವರ ಸರಾಸರಿ ತೆಗೆದರೆ ಯಾವ ಸಭೆಯೂ ಯಶಸ್ವಿಯೇ. ಈ ತಪ್ಪು ಸುಮಾರು ಎರಡು ವರ್ಷ ನಡೆದಿತ್ತು. ಜಾಹೀರಾತುದಾರರು ಹೂಡಿದ ದಾವೆಯನ್ನು ಕಂಪನಿ 2019ರಲ್ಲಿ 4 ಕೋಟಿ ಡಾಲರ್ ಕೊಡಲು ಒಪ್ಪಿ ಬಗೆಹರಿಸಿಕೊಂಡಿತು. ಕೋಟಿ ಸುರಿದವರು ಕೋರ್ಟಿಗೆ ಹೋದರು. ನಮ್ಮಂಥ ಸಂಘಗಳು ಅದೇ ತಕ್ಕಡಿಯ ಅಂಕಿಯನ್ನು ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಹಾಕಿಕೊಳ್ಳುತ್ತಿವೆ.

ಇನ್ನು ಸ್ವತ್ತಿನ ಮಾತು. ನಮ್ಮ ಕಾರ್ಯದರ್ಶಿ ಒಳ್ಳೆಯ ಹುಡುಗ, ಸಾಫ್ಟ್‌ವೇರ್‌ನವನು. "ನಾಲ್ಕು ಸಾವಿರ ಫಾಲೋವರ್ಸ್ ನಮ್ಮ ಆಸ್ತಿ ಸಾರ್" ಎಂದ. ಲೆಕ್ಕಶಾಸ್ತ್ರದಲ್ಲಿ ಆಸ್ತಿ ಎಂಬ ಪದ ಅಷ್ಟು ಅಗ್ಗವಲ್ಲ. ಅದು ನಮ್ಮ ಹತೋಟಿಯಲ್ಲಿರಬೇಕು. ಅಂತರರಾಷ್ಟ್ರೀಯ ಮಾನದಂಡ ಐಎಎಸ್ 38ರ ಪ್ರಕಾರ, ಒಂದು ಕಂಪನಿ ತಾನೇ ಕಷ್ಟಪಟ್ಟು ಬೆಳೆಸಿದ ಗ್ರಾಹಕರ ಪಟ್ಟಿಯನ್ನು ಕೂಡ ಆಸ್ತಿ ಎಂದು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುವಂತಿಲ್ಲ. ಸ್ವಂತ ಪಟ್ಟಿಯ ಗತಿಯೇ ಹೀಗಾದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿರುವ ಪಟ್ಟಿಯ ಪಾಡೇನು? 2018ರ ಜನವರಿಯಲ್ಲಿ ಫೇಸ್‌ಬುಕ್ ಸಂಸ್ಥೆಗಳ ಪುಟಗಳಿಗಿಂತ ಸ್ನೇಹಿತರ, ಬಂಧುಗಳ ಮಾತಿಗೆ ಹೆಚ್ಚು ಜಾಗ ಕೊಡುವುದಾಗಿ ಘೋಷಿಸಿತು. ನಿರ್ಧಾರ ಅವರದು, ಅಂಗಳವೂ ಅವರದು. ನಮ್ಮನ್ನು ತಾವಾಗಿಯೇ ಬಯಸಿ ಬಂದ ನಾಲ್ಕು ಸಾವಿರ ಜನರಿಗೆ ರಾಜ್ಯೋತ್ಸವದ ಕರೆಯೋಲೆ ಕಾಣಿಸಬೇಕಾದರೆ ಇಂದು ನಾವು 'ಬೂಸ್ಟ್' ಗುಂಡಿ ಒತ್ತಿ ಹಣ ಕಟ್ಟುತ್ತೇವೆ. ಇದಕ್ಕೆ ನನ್ನ ಪುಸ್ತಕದಲ್ಲಿರುವ ಪದ ಬಾಡಿಗೆ.

ಬಾಡಿಗೆಯ ಅಂಗಳದಿಂದ ಒಕ್ಕಲೆಬ್ಬಿಸಿದರೆ ಏನಾಗುತ್ತದೆ ಎಂಬುದನ್ನು ನಾವು ಆಸ್ಟ್ರೇಲಿಯಾದವರು ಕಣ್ಣಾರೆ ಕಂಡಿದ್ದೇವೆ. 2021ರ ಫೆಬ್ರವರಿ 18, ಗುರುವಾರ. ಸುದ್ದಿ ಸಂಸ್ಥೆಗಳಿಗೆ ಹಣ ಕೊಡುವಂತೆ ಮಾಡುವ ಕಾನೂನಿಗೆ ಸರಕಾರ ಸಿದ್ಧವಾಗಿತ್ತು. ಅದನ್ನು ವಿರೋಧಿಸಿ ಫೇಸ್‌ಬುಕ್ ರಾತ್ರೋರಾತ್ರಿ ಇಲ್ಲಿ ಸುದ್ದಿಯನ್ನು ತಡೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಎಬಿಸಿ, ಎಸ್‌ಬಿಎಸ್ ಪುಟಗಳು ಖಾಲಿ. ಅವುಗಳ ಜೊತೆಗೆ ಹವಾಮಾನ ಇಲಾಖೆಯ ಪುಟ ಖಾಲಿ, ಕ್ವೀನ್ಸ್‌ಲ್ಯಾಂಡ್ ಆರೋಗ್ಯ ಇಲಾಖೆಯದು ಖಾಲಿ, ಹಸಿದವರಿಗೆ ಊಟ ಒದಗಿಸುವ ಫುಡ್‌ಬ್ಯಾಂಕಿನದು ಖಾಲಿ, ಹೋಬಾರ್ಟ್‌ನ ಮಹಿಳಾ ಆಶ್ರಯತಾಣದ್ದೂ ಖಾಲಿ. ಗಡಿಬಿಡಿಯಲ್ಲಿ ಫೇಸ್‌ಬುಕ್‌ನ ಸ್ವಂತ ಪುಟವೂ ಖಾಲಿಯಾಗಿತ್ತು! ಕೋವಿಡ್ ಲಸಿಕೆ ಶುರುವಾಗಲು ಕೆಲವೇ ದಿನಗಳಿದ್ದ ಹೊತ್ತು ಅದು. ಸುದ್ದಿಯಲ್ಲದ ಪುಟಗಳನ್ನು ತಡೆದದ್ದು ಅಚಾತುರ್ಯ ಎಂದು ಕಂಪನಿ ಹೇಳಿತು, ಅವನ್ನು ಮರಳಿಸಿತು. 23ರಂದು ಸರಕಾರದೊಡನೆ ಒಪ್ಪಂದವೂ ಆಯಿತು. ಹವಾಮಾನ ಇಲಾಖೆಗೆ ಸ್ವಂತ ತಾಣವಿತ್ತು, ಎಸ್‌ಬಿಎಸ್‌ಗೆ ರೇಡಿಯೋ ಇತ್ತು, ಅವರ ಬಾಗಿಲು ಮುಚ್ಚಲಿಲ್ಲ. ಕನ್ನಡವೂ ಸೇರಿದಂತೆ 60ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತಾಡುವ ಆ ಸಂಸ್ಥೆಗೆ ಫೇಸ್‌ಬುಕ್ ಒಂದು ಕಿಟಕಿಯಷ್ಟೇ ಆಗಿತ್ತು. ಕಿಟಕಿಯನ್ನೇ ಮನೆ ಮಾಡಿಕೊಂಡ ಸಣ್ಣ ಸಂಸ್ಥೆಗಳು ಆ ದಿನ ಬೀದಿಯಲ್ಲಿದ್ದವು. 2023ರ ಆಗಸ್ಟ್‌ನಲ್ಲಿ ಕೆನಡಾದಲ್ಲೂ ಇಂಥದೇ ಕಾನೂನಿನ ಜಗಳದಲ್ಲಿ ಮೆಟಾ ಸುದ್ದಿ ತಡೆಯಿತು. ಅದೇ ತಿಂಗಳು ಕಾಡ್ಗಿಚ್ಚಿಗೆ ಹೆದರಿ ಯೆಲ್ಲೋನೈಫ್ ನಗರ ಖಾಲಿಯಾಗುತ್ತಿದ್ದಾಗ ಜನ ಸುದ್ದಿಯ ಕೊಂಡಿಯನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಳ್ಳಲಾರದೆ ಪರದಾಡಿದರು.

ಆ ಫೆಬ್ರವರಿಯಲ್ಲಿ ನಮ್ಮ ಸಂಘದ ಪುಟಕ್ಕೆ ಏನೂ ಆಗಲಿಲ್ಲ. ನಾವು ನಕ್ಕು ಮರೆತೆವು.

ಇಷ್ಟೆಲ್ಲ ಹೇಳಿದವನು ಆನ್‌ಲೈನ್ ಮಾಧ್ಯಮದ ವೈರಿ ಎಂದುಕೊಳ್ಳಬೇಡಿ. ಆರು ಲಾಕ್‌ಡೌನ್‌ಗಳಲ್ಲಿ ಒಟ್ಟು 262 ದಿನ ಮನೆಯೊಳಗಿದ್ದ ಊರಿನವನು ನಾನು; ಆ ದಿನಗಳಲ್ಲಿ ಪರದೆಯೇ ನಮ್ಮ ಜಗಲಿಯಾಗಿತ್ತು. ಲಂಡನ್ನಿನ ನ್ಯಾಷನಲ್ ಥಿಯೇಟರ್ 2020ರ ಏಪ್ರಿಲ್ 2ರಂದು 'ಒನ್ ಮ್ಯಾನ್, ಟೂ ಗವ್ನರ್ಸ್' ನಾಟಕದ ಮುದ್ರಿಕೆಯನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ಹಾಕಿತು. ಆಮೇಲೆ ವಾರಕ್ಕೊಂದು ನಾಟಕ. ಜಗತ್ತೇ ನೋಡಿತು. ಆದರೆ ಅದು ಆ ಸಂಖ್ಯೆಯ ಮೇಲೆ ಕುಳಿತು ನಿದ್ದೆ ಹೋಗಲಿಲ್ಲ. ಅದೇ ಡಿಸೆಂಬರಿನಲ್ಲಿ ಹಣ ಕೊಟ್ಟು ನೋಡುವ ತನ್ನದೇ ತಾಣವನ್ನು ತೆರೆಯಿತು. ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ 2008ರಲ್ಲೇ ಇಂಥ ಡಿಜಿಟಲ್ ಸಭಾಂಗಣ ಕಟ್ಟಿಕೊಂಡಿತ್ತು. ಬೀದಿಯಲ್ಲಿ ಡೋಲು ಬಡಿದು, ಬಂದವರನ್ನು ತಮ್ಮ ಮನೆಗೆ ಕರೆದು, ಹೆಸರು ಕೇಳಿ ಕೂರಿಸಿದ ಕ್ರಮ ಇದು.

ಕನ್ನಡಕ್ಕೆ ಈ ಕ್ರಮ ಹೊಸದೇನಲ್ಲ. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆದ ಪ್ರಕಾಶನ. ಜಿ. ಬಿ. ಜೋಶಿಯವರ ಬಳಿ ಓದುಗರ ಹೆಸರಿತ್ತು, ವಿಳಾಸವಿತ್ತು. ಚಂದಾ ಕೊಟ್ಟವರ ಮನೆಗೆ ಪುಸ್ತಕ ಅಂಚೆಯಲ್ಲಿ ಹೋಗುತ್ತಿತ್ತು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಬಂದದ್ದು ಅಲ್ಲಿಂದಲೇ. ಅಪರಿಚಿತ ಹುಡುಗನ ನಾಟಕ ಬೇಕೆಂದು ಯಾವ ಚಂದಾದಾರನೂ ಮೊದಲೇ ಬೆರಳೆತ್ತಿರಲಿಕ್ಕಿಲ್ಲ. ಸಂಸ್ಥೆಯ ಮೇಲಿನ ನಂಬಿಕೆಗೆ ಅವರು ಹಣ ಕೊಟ್ಟಿದ್ದರು, ಸಂಸ್ಥೆ ತನಗೆ ಒಳ್ಳೆಯದು ಎನಿಸಿದ್ದನ್ನು ಕಳಿಸಿತು.

ನಮ್ಮಲ್ಲಿ ಈಗ ನಡೆಯುವುದು ಇದರ ತಲೆಕೆಳಗು. ಹೋಳಿಗೆ ಊಟದ ಫೋಟೋಗೆ ಒಂಬೈನೂರು ಲೈಕು, ಕವಿಗೋಷ್ಠಿಗೆ ಹನ್ನೊಂದು. ಮರುವರ್ಷ ಕವಿಗೋಷ್ಠಿ ಇಲ್ಲ. ಆ ಗೋಷ್ಠಿಗೆ ಬಂದ ಮೂವತ್ತು ಜನ ಎರಡು ತಾಸು ಅಲುಗದೆ ಕೂತಿದ್ದರು. ಅದನ್ನು ಎಣಿಸುವ ಗುಂಡಿ ಯಾರ ಬಳಿಯೂ ಇರಲಿಲ್ಲ. "ನಿಮ್ಮ ಮೆಚ್ಚಿನ ತಿಂಡಿ ಯಾವುದು? ಕಮೆಂಟ್ ಮಾಡಿ" ಎಂದು ಕೇಳಿದರೆ ಮುನ್ನೂರು ಉತ್ತರ ಬರುತ್ತದೆ. ಹಾಲ್‌ನಲ್ಲಿ ಕುರ್ಚಿ ಹಾಕಲು ಜನ ಬೇಕು ಎಂದರೆ ಮೂರು. ಎಂಗೇಜ್‌ಮೆಂಟ್ ಎಂದು ಕರೆಯುವುದು ಮೊದಲನೆಯದನ್ನು. ಸಂಘ ನಡೆಯುವುದು ಎರಡನೆಯದರಿಂದ.

ಮೂರನೆಯ ಪ್ರಶ್ನೆ: ಬಿಟ್ಟುಹೋದದ್ದೇನು? ಇಲ್ಲಿ ನನ್ನ ತಪ್ಪನ್ನೇ ಹೇಳಬೇಕು.

ನಮ್ಮ ಸಂಘದಿಂದ ಮೂರು ತಿಂಗಳಿಗೊಮ್ಮೆ ಎಂಟು ಪುಟದ ವಾರ್ತಾಪತ್ರ ಅಂಚೆಯಲ್ಲಿ ಹೋಗುತ್ತಿತ್ತು. 2017ರ ಲೆಕ್ಕ ನೋಡುವಾಗ 'ಮುದ್ರಣ ಮತ್ತು ಅಂಚೆ, 1,140 ಡಾಲರ್' ಎಂಬ ಸಾಲಿನ ಪಕ್ಕದಲ್ಲಿ "ಎಲ್ಲರೂ ಫೇಸ್‌ಬುಕ್‌ನಲ್ಲಿರುವಾಗ ಇದು ಬೇಕೇ?" ಎಂದು ಪೆನ್ಸಿಲಿನಲ್ಲಿ ಬರೆದವನು ನಾನೇ. ಸಮಿತಿ ಒಪ್ಪಿತು. ಉಳಿತಾಯಕ್ಕೆ ಚಪ್ಪಾಳೆಯೂ ಸಿಕ್ಕಿತು. ಪ್ರತಿ ಸಲ ಹತ್ತೆಂಟು ಲಕೋಟೆಗಳು ವಿಳಾಸ ತಪ್ಪಿ ಮರಳಿ ಬರುತ್ತಿದ್ದವು, ಆಗ ಯಾರಾದರೂ ಫೋನ್ ಮಾಡಿ "ಮನೆ ಬದಲಾಯಿಸಿದ್ರಾ?" ಎಂದು ಕೇಳಿ ರಿಜಿಸ್ಟರ್ ತಿದ್ದುತ್ತಿದ್ದರು. ಹಿರಿಯರು ಹೇಳಿಕೊಟ್ಟಿದ್ದ 'ವಾಪಸ್' ಕಲಂ ಅದೇ ಆಗಿತ್ತು. ನಾನು ಅಂಚೆ ನಿಲ್ಲಿಸಿದೆ, ಲಕೋಟೆ ಮರಳುವುದು ನಿಂತಿತು, ರಿಜಿಸ್ಟರ್ ಅಲ್ಲೇ ಹೆಪ್ಪುಗಟ್ಟಿತು.

2021ರ ಲಾಕ್‌ಡೌನಿನಲ್ಲಿ ಸಂಘ ಕಟ್ಟಿದ ಹಿರಿಯರಲ್ಲೊಬ್ಬರು ತೀರಿಕೊಂಡರು. ಪುಟದಲ್ಲಿ ಅವರ ಹಳೆಯ ಫೋಟೋ ಹಾಕಿದೆವು. ಇನ್ನೂರಕ್ಕೂ ಹೆಚ್ಚು ಜನ 'ಓಂ ಶಾಂತಿ' ಬರೆದರು. ನಾನೂ ಬರೆದೆ, ಬಸ್ಸಿನಲ್ಲಿ ಸೀಟು ಹಿಡಿದಷ್ಟೇ ಸಲೀಸಾಗಿ. ಆ ವರ್ಷ ನಮ್ಮ ಪುಟದಲ್ಲಿ ಅತಿ ಹೆಚ್ಚು ಎಂಗೇಜ್‌ಮೆಂಟ್ ಪಡೆದದ್ದು ಅದೇ ಎಂದು ವರದಿಯಲ್ಲಿ ಅಂಕಿಯೂ ಬಂತು. ಅದಾಗಿ ಎಷ್ಟೋ ತಿಂಗಳ ಮೇಲೆ ಇಂಡಿಯನ್ ಅಂಗಡಿಯಲ್ಲಿ ಅವರ ಹೆಂಡತಿ ಸಿಕ್ಕರು. ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಬುಟ್ಟಿಗೆ ಹಾಕುತ್ತಾ, ದೂರುವ ದನಿಯೇ ಇಲ್ಲದೆ, "ಸಂಘದಿಂದ ಒಬ್ರೂ ಒಂದು ಫೋನ್ ಮಾಡ್ಲಿಲ್ಲ ನೋಡಪ್ಪಾ" ಎಂದರು. ಆಂಟಿ ಫೇಸ್‌ಬುಕ್‌ನಲ್ಲಿಲ್ಲ. ಹಳೆಯ ಮನೆ ಮಾರಿ ಬೇರೆ ಬಡಾವಣೆಗೆ ಹೋಗಿದ್ದರು. ಅವರ ಹೊಸ ನಂಬರ್ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಸಾವಿರಾರು ಪರದೆಗಳನ್ನು ತಲುಪಿದ ನಮ್ಮ ಸಂತಾಪ, ತಲುಪಬೇಕಾಗಿದ್ದ ಒಬ್ಬರನ್ನು ತಲುಪಿರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. "ತಪ್ಪಾಯ್ತು ಆಂಟಿ" ಎಂದೆ. ಉಳಿಸಿದ 1,140 ಡಾಲರಿನ ವಿಷಯ ಹೇಳಲು ಬಾಯಿ ಬರಲಿಲ್ಲ.

ಆನ್‌ಲೈನ್ ಸಂಖ್ಯೆಯ ಮೇಲಿನ ನನ್ನ ಆಕ್ಷೇಪ ಇಷ್ಟೇ. ಅದು ದೊಡ್ಡದು ಎಂಬುದು ದೋಷವಲ್ಲ. ಯಾರು ತಪ್ಪಿಹೋದರು ಎಂಬುದನ್ನು ಅದು ಎಂದೂ ಹೇಳುವುದಿಲ್ಲ. ಸೋಪು ಮಾರುವವನಿಗೆ ಅದು ನಡೆಯುತ್ತದೆ, ತಪ್ಪಿದವನ ಬದಲು ಇನ್ನೊಬ್ಬ ಗಿರಾಕಿ ಸಿಗುತ್ತಾನೆ. ಸಂಘಕ್ಕೆ, ಆಸ್ಪತ್ರೆಗೆ, ಆಶ್ರಯತಾಣಕ್ಕೆ ಹಾಗಲ್ಲ. ಅವರ ಕೆಲಸವಿರುವುದು ತಪ್ಪಿಹೋಗಬಾರದ ಜನರ ಜೊತೆ.

ಈ ಸಲ 38,000ವನ್ನು ನಾನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಬೇಕೆಂದೆ: ಸದಸ್ಯ ಕುಟುಂಬಗಳೆಷ್ಟು, ಅವರಲ್ಲಿ ಸಂಪರ್ಕಕ್ಕೆ ಸಿಗದವರೆಷ್ಟು. ಎರಡನೆಯದು ಗೊತ್ತಾಗಬೇಕಾದರೆ ಫೋನ್ ಮಾಡಲೇಬೇಕು. ಕಾರ್ಯದರ್ಶಿ, ಅವನ ಹೆಂಡತಿ, ನಾನು, ಇನ್ನಿಬ್ಬರು ಸೇರಿ ಎರಡು ಭಾನುವಾರ ಕೂತೆವು. 112 ಕುಟುಂಬಗಳಲ್ಲಿ 17 ನಂಬರುಗಳು ಚಾಲ್ತಿಯಲ್ಲಿರಲಿಲ್ಲ.

"ಇದನ್ನೂ ವರದಿಗೆ ಹಾಕ್ಬೇಕಾ ಸಾರ್? ಚೆನ್ನಾಗಿ ಕಾಣಲ್ಲ" ಎಂದ ಹುಡುಗ.

ಹಾಕಿಸಿದೆ. ಬಜೆಟ್ಟಿನಲ್ಲಿ ಅಂಚೆಯ ಸಾಲೂ ಮರಳಿ ಬಂದಿದೆ, ಪರದೆ ನೋಡದ ನಲವತ್ತೊಂದು ಮನೆಗಳಿಗೆ ಮಾತ್ರ. ಮೊದಲ ಕಂತಿನಲ್ಲಿ ಆರು ಲಕೋಟೆಗಳು ಮರಳಿದವು. 17ರಲ್ಲಿ ಒಂಬತ್ತು ಕುಟುಂಬಗಳು ಸಿಕ್ಕಿವೆ. ಎಂಟನ್ನು ಇನ್ನೂ ಹುಡುಕುತ್ತಿದ್ದೇವೆ.