ಕೊಲೆಗಾರ ಗೊತ್ತಿದ್ದ ಮೇಲೂ ಪತ್ತೇದಾರ ಬೇಕೇ?

ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಒಂದು ರೂಢಿಯಿರುತ್ತದೆ. ಮೊದಲ ಪುಟದಲ್ಲೇ ಹೆಣ ಬೀಳಬೇಕು. ಕೊನೆಯ ಪುಟದಲ್ಲಿ ಕೊಲೆಗಾರನ ಕೈಗೆ ಬೇಡಿ ಬೀಳಬೇಕು. ನಡುವೆ ಪತ್ತೇದಾರನ ಜಾಣ್ಮೆಯನ್ನು ಮೆಚ್ಚುತ್ತಾ ಹೋಗುವುದಷ್ಟೇ ಓದುಗನ ಕೆಲಸ. ಉರ್ದು ಶಾಲೆಯಲ್ಲಿದ್ದಾಗ ನಾವು ಇಬ್ನೆ ಸಫಿಯವರ 'ಜಾಸೂಸಿ ದುನಿಯಾ'ದ ಹರಿದ ಪ್ರತಿಗಳನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದೆವು. ಕನ್ನಡ ಕಲಿತ ಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಜೊತೆಯಾದ. ಕರ್ನಲ್ ಫರೀದಿಯಾಗಲಿ, ಪುರುಷೋತ್ತಮನಾಗಲಿ ನಮ್ಮನ್ನು ನಿರಾಶೆಗೊಳಿಸಿದ್ದಿಲ್ಲ. ಪುಸ್ತಕ ಮುಚ್ಚುವ ಹೊತ್ತಿಗೆ ಕೆಟ್ಟ ಲೋಕ ಮತ್ತೆ ನೆಟ್ಟಗಾಗಿರುತ್ತಿತ್ತು.

ಆದರೆ ಕೊಂದವರು ಯಾರೆಂದು ಊರಿಗೆಲ್ಲ ಗೊತ್ತಿದ್ದು, ಹೆಣವೇ ಸಿಗದಿದ್ದರೆ? ಆಗ ಪತ್ತೇದಾರ ಎಲ್ಲಿಂದ ಶುರು ಮಾಡಬೇಕು?

ಈ ಪ್ರಶ್ನೆ ನಮ್ಮನ್ನು ಕಾಡತೊಡಗಿದ್ದು 'ರೆಸಲ್ಯೂಷನ್ 819' ಎಂಬ ಚಿತ್ರ ನೋಡಿದ ಮೇಲೆ. ಇಟಲಿಯ ನಿರ್ದೇಶಕ ಜಾಕೊಮೊ ಬತ್ತಿಯಾತೊ 2008ರಲ್ಲಿ ತೆಗೆದ ಈ ಚಿತ್ರಕ್ಕೆ ಅದೇ ವರ್ಷ ರೋಮ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು. ಸಂಗೀತ ಎನ್ನಿಯೊ ಮೊರಿಕೋನೆಯವರದು. ಫ್ರೆಂಚ್ ಪೊಲೀಸ್ ಅಧಿಕಾರಿ ಜಾಕ್ ಕಾಲ್ವೆಜ್ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಕಾಣೆಯಾದ ಗಂಡಸರನ್ನು ಹುಡುಕುವುದೇ ಇದರ ಕಥೆ. ಪಾತ್ರ ಕಲ್ಪಿತ, ಆದರೆ ಅದರ ಹಿಂದೆ ನಿಜವಾದ ಮನುಷ್ಯನೊಬ್ಬನಿದ್ದಾನೆ. ಆತ ಜಾನ್ ರೆನೆ ರುಯೆಜ್. ಹೇಗ್ ನಗರದಲ್ಲಿದ್ದ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿಯ ಪರವಾಗಿ 1995ರ ಜುಲೈಯಿಂದ 2001ರ ಏಪ್ರಿಲ್‌ವರೆಗೆ ಸ್ರೆಬ್ರೆನಿಕಾ ತನಿಖೆಯ ಮುಖ್ಯಸ್ಥನಾಗಿದ್ದ ಫ್ರಾನ್ಸಿನ ಪೊಲೀಸ್ ಅಧಿಕಾರಿ.

ಚಿತ್ರದ ಹೆಸರಿನಲ್ಲೇ ಒಂದು ಕಟು ವ್ಯಂಗ್ಯವಿದೆ. 1993ರ ಏಪ್ರಿಲ್ 16ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 819ನೇ ನಿರ್ಣಯದ ಮೂಲಕ ಸ್ರೆಬ್ರೆನಿಕಾವನ್ನು 'ಸುರಕ್ಷಿತ ಪ್ರದೇಶ' ಎಂದು ಘೋಷಿಸಿತು. ಅಲ್ಲಿ ತುಂಬಿಕೊಂಡಿದ್ದ ಜನ ಆ ಕಾಗದವನ್ನು ನಂಬಿದರು. 1995ರ ಜುಲೈ 11ರಂದು ರಾಟ್ಕೊ ಮ್ಲಾದಿಚ್‌ನ ಬೋಸ್ನಿಯನ್ ಸರ್ಬ್ ಸೇನೆ ಪಟ್ಟಣವನ್ನು ವಶಪಡಿಸಿಕೊಂಡಿತು. ಕಾವಲಿಗಿದ್ದ ವಿಶ್ವಸಂಸ್ಥೆಯ ಡಚ್ ಸೈನಿಕರು ಅದನ್ನು ತಡೆಯಲಿಲ್ಲ. ಹೆಂಗಸರು ಮಕ್ಕಳನ್ನು ಬಸ್ಸುಗಳಲ್ಲಿ ಸಾಗಿಸಿದರು. ಗಂಡಸರನ್ನು, ಮೀಸೆ ಮೂಡದ ಹುಡುಗರನ್ನು ಬೇರೆ ನಿಲ್ಲಿಸಿದರು. ಮುಂದಿನ ಕೆಲವೇ ದಿನಗಳಲ್ಲಿ ಸುಮಾರು 8000 ಮುಸ್ಲಿಮರ ಕೊಲೆಯಾಯಿತು.

ಚಿತ್ರದ ಒಳ್ಳೆಯತನವನ್ನು ಮೊದಲು ಹೇಳಿಬಿಡಬೇಕು. ಯುರೋಪಿನ ಜನ ತಮ್ಮ ಪಕ್ಕದ ಅಂಗಳದಲ್ಲಿ ನಡೆದದ್ದನ್ನು ಮರೆಯಲು ತಯಾರಾಗಿದ್ದ ಕಾಲದಲ್ಲಿ ಅದು ಈ ವಿಷಯವನ್ನು ಮನೆಮನೆಯ ಪರದೆಗೆ ತಂದಿತು. ಬೆನುವಾ ಮಾಜಿಮೆಲ್ ಕಾಲ್ವೆಜ್‌ನ ಪಾತ್ರವನ್ನು ಪ್ರಾಮಾಣಿಕವಾಗಿ ನಿರ್ವಹಿಸಿದ್ದಾರೆ. ನಮ್ಮ ತಕರಾರು ನಟನೆಯ ಬಗ್ಗೆ ಅಲ್ಲ, ಕಥೆಯ ಅಚ್ಚಿನ ಬಗ್ಗೆ. ಚಿತ್ರ ಇಡೀ ಭಾರವನ್ನು ಒಬ್ಬ ಪತ್ತೇದಾರನ ಹೆಗಲ ಮೇಲೆ ಹೊರಿಸುತ್ತದೆ. ಅವನ ಕೋಪ, ಅವನ ಹಟ, ಅವನ ನಿದ್ದೆಗೆಟ್ಟ ಕಣ್ಣು ನಮಗೆ ಚೆನ್ನಾಗಿ ಪರಿಚಯವಾಗುತ್ತವೆ. ಸತ್ತವರು ಮಾತ್ರ ಅಪರಿಚಿತರಾಗಿಯೇ ಉಳಿಯುತ್ತಾರೆ. ನಮ್ಮ ಫರೀದಿಯನ್ನೇ ಬೋಸ್ನಿಯಾಕ್ಕೆ ಕಳುಹಿಸಿದ ಹಾಗಾಗಿದೆ.

ನಿಜವಾದ ತನಿಖೆ ಹಾಗಿರಲಿಲ್ಲ. ಅದು ಶುರುವಾದದ್ದು ಹೆಣದಿಂದ ಅಲ್ಲ, ಹೆಣಗಳ ನಡುವಿನಿಂದ ಎದ್ದು ಬಂದ ಕೆಲವೇ ಜನರ ಮಾತಿನಿಂದ. ಗುಂಡು ಹಾರಿಸಿದಾಗ ಬಿದ್ದು, ಸತ್ತವರ ಕೆಳಗೆ ಉಸಿರು ಬಿಗಿಹಿಡಿದು, ಕತ್ತಲಾದ ಮೇಲೆ ತೆವಳಿ ಪಾರಾದವರು ಅವರು. ಕಣ್ಣಿಗೆ ಬಟ್ಟೆ ಕಟ್ಟಿದ್ದವರು ಏನನ್ನು ನೋಡಿರಲು ಸಾಧ್ಯ? ಒಂದು ಶಾಲೆಯ ಕೋಣೆ, ಲಾರಿಯ ಪಯಣ, ಒಂದು ಅಣೆಕಟ್ಟಿನ ಕಲ್ಲುಹಾಸು. ಇಂಥ ತುಣುಕುಗಳನ್ನು ನಕ್ಷೆಯ ಮೇಲೆ ಇಟ್ಟು ಊರುಗಳನ್ನು ಹುಡುಕಬೇಕಿತ್ತು. ಮಣ್ಣು ಕೆದಕಿದ ಗುರುತು ತೋರಿಸುವ, ಅಮೆರಿಕ ಆಕಾಶದಿಂದ ತೆಗೆದ ಚಿತ್ರಗಳು ಜೊತೆಗಿದ್ದವು. 1996ರಲ್ಲಿ ದ್ರಾಜೆನ್ ಎರ್ದೆಮೊವಿಚ್ ಎಂಬ ಸೈನಿಕ, ಬ್ರಾನ್ಯೆವೊ ಜಮೀನಿನಲ್ಲಿ ತಾನೂ ಗುಂಡು ಹಾರಿಸಿದೆನೆಂದು ನ್ಯಾಯಮಂಡಳಿಯ ಮುಂದೆ ತಪ್ಪೊಪ್ಪಿಕೊಂಡ. ಪಕ್ಕದ ಪಿಲಿತ್ಸಾದ ಸಾಂಸ್ಕೃತಿಕ ಭವನದಲ್ಲೂ ಸುಮಾರು 500 ಮಂದಿಯನ್ನು ಕೊಂದ ಸಂಗತಿಯನ್ನು ಅವನೇ ಬಯಲಿಗೆ ತಂದ. ಅವನಿಗೆ 1998ರಲ್ಲಿ ಅಂತಿಮವಾಗಿ ಆದ ಶಿಕ್ಷೆ 5 ವರ್ಷ. ಪತ್ತೇದಾರಿ ಕಾದಂಬರಿಯ ನ್ಯಾಯದ ಲೆಕ್ಕ ಇಲ್ಲಿಗೇ ತಪ್ಪುತ್ತದೆ.

ಇನ್ನೂ ದೊಡ್ಡ ತೊಡಕು ಮುಂದಿತ್ತು. 1995ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊಲೆಗಾರರು ತಾವೇ ಮುಚ್ಚಿದ್ದ ಗುಂಡಿಗಳನ್ನು ಯಂತ್ರಗಳಿಂದ ಬಗೆದು, ಶವಗಳನ್ನು ಲಾರಿಗಳಲ್ಲಿ ತುಂಬಿ ದೂರದ ಕಣಿವೆಗಳಲ್ಲಿ ಹೂತರು. ಯಂತ್ರದ ಹಲ್ಲಿಗೆ ಸಿಕ್ಕಿದ ದೇಹಗಳು ತುಂಡಾದವು. ಒಬ್ಬನ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ. ಕೊಲೆಯನ್ನೇ ಕೊಲ್ಲುವ ಪ್ರಯತ್ನ ಅದು.

ಮೊದಲ ಗುಂಡಿಗೂ ಎರಡನೆಯ ಗುಂಡಿಗೂ ಇರುವ ನಂಟನ್ನು ತೋರಿಸುವುದೇ ಆಗ ತನಿಖೆಯ ತಿರುಳಾಯಿತು. ಎರಡೂ ಕಡೆಯ ಮಣ್ಣು, ಖಾಲಿ ತೋಟೆ, ಕಣ್ಣಿಗೆ ಕಟ್ಟಿದ ಬಟ್ಟೆ, ಕೈಗೆ ಬಿಗಿದ ಹಗ್ಗ ಇವನ್ನು ತಾಳೆ ನೋಡಿದರು. ಕೊಜ್ಲುಕ್ ಎಂಬಲ್ಲಿ ಬಾಟಲಿ ತುಂಬುವ ಕಾರ್ಖಾನೆಯೊಂದರ ಒಡೆದ ಗಾಜು ಸುರಿಯುವ ಜಾಗದಲ್ಲಿ ಜನರನ್ನು ಕೊಂದಿದ್ದರು. ಅದೇ ಹಸಿರು ಗಾಜಿನ ಚೂರು ದೂರದ ಚಾಂಚಾರಿ ರಸ್ತೆಯ ಗುಂಡಿಯಲ್ಲಿ ಎಲುಬುಗಳ ಜೊತೆ ಸಿಕ್ಕಿತು. ಕ್ರಾವಿತ್ಸಾದ ಉಗ್ರಾಣದ ಗೋಡೆಗಳಲ್ಲಿ ನೆತ್ತರು ಮತ್ತು ಸ್ಫೋಟಕದ ಕುರುಹು ಉಳಿದಿದ್ದವು. ಕೆಲವರ ಮಣಿಕಟ್ಟಿನಲ್ಲಿ ಕೈಯ ಅಲುಗಾಟದಿಂದಲೇ ಕೀಲಿ ತುಂಬಿಕೊಳ್ಳುವ ಕೈಗಡಿಯಾರಗಳಿದ್ದವು. ಕೈ ನಿಶ್ಚಲವಾದ ಮೇಲೆ ಅವು ಒಂದೆರಡು ದಿನ ಓಡಿ ನಿಂತಿದ್ದವು. ಅವುಗಳ ಮುಖದ ಮೇಲಿನ ವಾರ ಮತ್ತು ತಾರೀಖು ತನಿಖೆದಾರರಿಗೆ ಸಾಕ್ಷಿ ಹೇಳಿದವು.

ಹಳೆಯ ಪತ್ತೇದಾರಿ ಕಥೆಗಳಲ್ಲೂ ನಿಂತ ಗಡಿಯಾರ ಬರುತ್ತದೆ. ಅಲ್ಲಿ ಅದೊಂದು ಚಮತ್ಕಾರ. ಇಲ್ಲಿ ಅದನ್ನು ಓದುವಾಗ ನಮಗೆ ನಮ್ಮ ಕೈಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಬೇಕೆನಿಸಿತು.

2001ರ ತೀರ್ಪು ಬರುವ ಹೊತ್ತಿಗೆ ಅಗೆದಿದ್ದ 21 ಗುಂಡಿಗಳಲ್ಲಿ ಕನಿಷ್ಠ 2028 ಮಂದಿಯ ಅವಶೇಷ ಸಿಕ್ಕಿತ್ತು. 448 ಕಣ್ಣುಪಟ್ಟಿಗಳು, 423 ಕಟ್ಟುಗಳು ಸಿಕ್ಕಿದ್ದವು. ಸತ್ತವರು ಯುದ್ಧದಲ್ಲಿ ಸತ್ತರು ಎಂಬ ವಾದಕ್ಕೆ ಈ ಬಟ್ಟೆಚೂರುಗಳಿಗಿಂತ ಒಳ್ಳೆಯ ಉತ್ತರವಿಲ್ಲ. ಕಣ್ಣು ಕಟ್ಟಿಕೊಂಡು, ಕೈ ಕಟ್ಟಿಸಿಕೊಂಡು ಯಾರೂ ಯುದ್ಧ ಮಾಡುವುದಿಲ್ಲ. ಜೊತೆಗೆ ಕಾಗದಗಳೂ ಇದ್ದವು. ವಾಹನಗಳ ಓಡಾಟದ ದಾಖಲೆ, ಡೀಸೆಲ್ ಬಿಡುಗಡೆಯ ಆದೇಶ, ಕದ್ದಾಲಿಸಿ ಬರೆದಿಟ್ಟ ರೇಡಿಯೋ ಮಾತುಗಳು. 2001ರ ಆಗಸ್ಟ್ 2ರಂದು ಜನರಲ್ ಕ್ರಿಸ್ಟಿಚ್‌ಗೆ ನರಮೇಧದ ಅಪರಾಧಕ್ಕಾಗಿ 46 ವರ್ಷ ಶಿಕ್ಷೆಯಾಯಿತು. 2004ರ ಮೇಲ್ಮನವಿಯಲ್ಲಿ ಅವನ ಪಾತ್ರ ನೆರವು ನೀಡಿದ್ದಷ್ಟೇ ಎಂದಾಗಿ ಶಿಕ್ಷೆ 35 ವರ್ಷಕ್ಕೆ ಇಳಿಯಿತು. ಆದರೆ ಸ್ರೆಬ್ರೆನಿಕಾದಲ್ಲಿ ನಡೆದದ್ದು ನರಮೇಧವೇ ಎಂಬ ತೀರ್ಮಾನ ಗಟ್ಟಿಯಾಗಿ ನಿಂತಿತು. ಕರಾಜಿಚ್‌ನ ಜೀವಾವಧಿ ಶಿಕ್ಷೆ ಅಂತಿಮವಾದದ್ದು 2019ರಲ್ಲಿ, ಮ್ಲಾದಿಚ್‌ನದು 2021ರಲ್ಲಿ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಕೊಲೆಗಾರ ಗೊತ್ತಿದ್ದ ಮೇಲೂ ಪತ್ತೇದಾರ ಯಾಕೆ ಬೇಕು? ಯಾಕೆಂದರೆ ಇಂಥ ಕಡೆ ಕೊಲೆಗಾರ ತಲೆತಪ್ಪಿಸಿಕೊಂಡು ಓಡುವುದಿಲ್ಲ. ಅವನು ಎದುರಿಗೇ ನಿಂತು, 'ಕೊಲೆಯೇ ನಡೆದಿಲ್ಲ' ಎನ್ನುತ್ತಾನೆ. ಅವನಿಗೆ ದನಿಗೂಡಿಸುವವರು ಇವತ್ತಿಗೂ ಇದ್ದಾರೆ. 'ಯಾರು ಕೊಂದರು' ಎಂಬುದು ಕಾದಂಬರಿಯ ಪ್ರಶ್ನೆ. 'ಇವರು ಬದುಕಿದ್ದರು, ಇವರನ್ನು ಕೊಂದರು' ಎಂದು ಸಾಬೀತು ಮಾಡುವುದು ಯುದ್ಧಾಪರಾಧದ ಪತ್ತೇದಾರನ ಕೆಲಸ. ಇದಕ್ಕೆ ಬೇಕಾದದ್ದು ಮಿಂಚುವ ಬುದ್ಧಿಗಿಂತ ಹೆಚ್ಚಾಗಿ ಸಹನೆ. ಸಹನೆಯನ್ನು ಸಿನಿಮಾ ಮಾಡುವುದು ಕಷ್ಟ, ಒಪ್ಪೋಣ. ನಾಯಕನಿಲ್ಲದಿದ್ದರೆ ಜನ ನೋಡುತ್ತಿದ್ದರೇ ಎಂದು ಕೇಳುವವರಿಗೆ ನಮ್ಮಲ್ಲೂ ಸುಲಭದ ಉತ್ತರವಿಲ್ಲ. ಕಥೆ ಬರೆಯುವ ನಾವೂ ಎಷ್ಟೋ ಸಲ ಅದೇ ಸುಲಭದ ದಾರಿ ಹಿಡಿದವರು.

ಆದರೂ ಚಿತ್ರ ಮುಗಿದಾಗ ಒಂದು ಕೊರತೆ ಉಳಿಯುತ್ತದೆ. ನ್ಯಾಯಾಲಯಕ್ಕೆ ಬೇಕಾದದ್ದು ಸಂಖ್ಯೆ, ಸಾವಿನ ಕಾರಣ, ಆದೇಶದ ಸರಪಳಿ. ಪ್ರತಿ ಎಲುಬಿಗೂ ಹೆಸರು ಹುಡುಕದೆಯೇ ಅದು ತೀರ್ಪು ಕೊಡಬಲ್ಲದು. ತಾಯಿಗೆ ಬೇಕಾದದ್ದು ಒಂದೇ ಒಂದು ಹೆಸರು. ಆ ಹೆಸರನ್ನು ಹುಡುಕುವ ಕೆಲಸ ಪತ್ತೇದಾರನ ಬಳಿಕ ಶುರುವಾಯಿತು. ಕಾಣೆಯಾದವರ ಅಂತಾರಾಷ್ಟ್ರೀಯ ಆಯೋಗ ಸಾವಿರಾರು ಬಂಧುಗಳ ರಕ್ತದ ಮಾದರಿ ಪಡೆದು, 2001ರಿಂದ ಡಿಎನ್‌ಎ ಪರೀಕ್ಷೆಯ ಮೂಲಕ ಎಲುಬುಗಳಿಗೆ ಹೆಸರು ಹಚ್ಚುತ್ತಾ ಬಂತು. ಹೀಗೆ ಗುರುತು ಸಿಕ್ಕವರು ಸುಮಾರು 7000. ಹೊಸದಾಗಿ ಗುರುತು ಸಿಕ್ಕವರನ್ನು ಪ್ರತಿ ಜುಲೈ 11ರಂದು ಪೊಟೊಚಾರಿಯಲ್ಲಿ ಜನಾಝ ನಮಾಝ್ ಮಾಡಿ ದಫನ ಮಾಡುತ್ತಾರೆ.

ಅಲ್ಲಿನ ತಾಯಂದಿರ ಮುಂದಿರುವ ಪ್ರಶ್ನೆಗೆ ಯಾವ ಕೋರ್ಟಿನಲ್ಲೂ ಉತ್ತರವಿಲ್ಲ. ಮಗನ ಒಂದೆರಡು ಎಲುಬು ಮಾತ್ರ ಸಿಕ್ಕಿದೆ ಎಂದು ಕರೆ ಬರುತ್ತದೆ. ಸಿಕ್ಕಷ್ಟನ್ನು ಈಗಲೇ ದಫನ ಮಾಡಬೇಕೇ, ಉಳಿದದ್ದು ಸಿಗುವವರೆಗೆ ಕಾಯಬೇಕೇ? ದಫನ ಮಾಡಿದ ಮೇಲೆ ಮತ್ತೊಂದು ಗುಂಡಿಯಲ್ಲಿ ಇನ್ನಷ್ಟು ಸಿಕ್ಕಿ, ಕಬರನ್ನು ತೆರೆದು ಸೇರಿಸಿದ ಮನೆಗಳೂ ಇವೆ. ಮಯ್ಯಿತನ್ನು ಬೇಗ ಮಣ್ಣು ಮಾಡಬೇಕೆಂದು ಕೇಳಿ ಬೆಳೆದ ನಮಗೆ, ದಶಕಗಳ ಕಾಲ ಕಾದ ಆ ತಾಯಂದಿರ ಸಂಕಟ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ.

ಇದನ್ನು ಸರಿಯಾಗಿ ಹಿಡಿದದ್ದು ಬೋಸ್ನಿಯಾದ ಯಸ್ಮಿಲಾ ಜ್ಬಾನಿಚ್ 2020ರಲ್ಲಿ ತೆಗೆದ 'ಕ್ವೊ ವಾದಿಸ್, ಐದಾ?' ಎಂಬ ಚಿತ್ರ. ಅದರಲ್ಲಿ ಪತ್ತೇದಾರನೇ ಇಲ್ಲ. ಡಚ್ ಸೈನಿಕರ ನೆಲೆಯಲ್ಲಿ ಭಾಷಾಂತರದ ಕೆಲಸ ಮಾಡುವ ಒಬ್ಬ ಶಿಕ್ಷಕಿಯಿದ್ದಾಳೆ, ಅವಳ ಗಂಡ ಮತ್ತು ಇಬ್ಬರು ಗಂಡು ಮಕ್ಕಳಿದ್ದಾರೆ. ಕೊನೆಯಲ್ಲಿ ನೆಲದ ಮೇಲೆ ಸಾಲಾಗಿ ಹರಡಿಟ್ಟ ಎಲುಬು, ಬಟ್ಟೆಗಳ ನಡುವೆ ಅವಳು ಮೆಲ್ಲಗೆ ನಡೆಯುತ್ತಾಳೆ. ರುಯೆಜ್ ಮತ್ತವರ ತಂಡ ವರ್ಷಗಟ್ಟಲೆ ಮಣ್ಣು ಅಗೆದದ್ದು ಯಾಕೆಂದು ನಮಗೆ ಅರ್ಥವಾದದ್ದು ಅವರ ಮೇಲೆ ತೆಗೆದ ಚಿತ್ರದಿಂದಲ್ಲ, ಅವರ ಹೆಸರೇ ಬರದ ಈ ಚಿತ್ರದಿಂದ.

ಎರಡನ್ನೂ ನೋಡಿ ಎಂದೇ ನಾವು ಓದುಗರಿಗೆ ಹೇಳುತ್ತೇವೆ. ಮೊದಲು ಪತ್ತೇದಾರನದು, ಆಮೇಲೆ ತಾಯಿಯದು. ಬಾಲ್ಯದಲ್ಲಿ ನಾವು ಓದಿದ ಕಾದಂಬರಿಗಳಲ್ಲಿ ಹೆಣ ಸಿಕ್ಕಿದ ಪುಟದಿಂದ ಕಥೆ ಶುರುವಾಗುತ್ತಿತ್ತು. ಪೊಟೊಚಾರಿಯ ತಾಯಂದಿರ ಪಾಲಿಗೆ ಅದು ಕೊನೆಯ ಪುಟ. ಸುಮಾರು ಒಂದು ಸಾವಿರ ಮನೆಗಳಲ್ಲಿ ಆ ಪುಟ ಇನ್ನೂ ತೆರೆದಿಲ್ಲ.